ನರುಲಿ ಜಿಜೋವಿನ ಬಸ್ಸು

ಟೊಕುಜಿಯ ಹಣೆಯ ಮೇಲೆ ನರುಲಿ ಎದ್ದದ್ದರಲ್ಲಿ ಅವನ ಪ್ರಯತ್ನವೇನೂ ಇರಲಿಲ್ಲ. ನಮ್ಮೂರು ಕುರುಮಿಜಾವದಲ್ಲಿ ಅರವತ್ತು ದಾಟಿದವರ ಮೈಮೇಲೆ ಏನಾದರೊಂದು ಏಳುವುದು ಕೋಸಿನ ಪಾತಿಯಲ್ಲಿ ಕಳೆ ಏಳುವಷ್ಟೇ ಸಹಜ. ಕುತ್ತಿಗೆ, ಕಂಕುಳು, ಬೆನ್ನು, ಎಲ್ಲಿ ಬೇಕಾದರೂ ಬರುತ್ತವೆ. ನೋಯುವುದಿಲ್ಲ, ಕೊಲ್ಲುವುದಿಲ್ಲ, ಹೋಗೆಂದರೆ ಹೋಗುವುದೂ ಇಲ್ಲ. ಎರಡು ದಿನಕ್ಕೆಂದು ಬಂದ ನೆಂಟರ ಹಾಗೆ ಇದ್ದುಬಿಡುತ್ತವೆ. ಆದರೆ ಟೊಕುಜಿಯದು ಹಣೆಯ ನಟ್ಟನಡುವೆ, ಹುಬ್ಬಿನಿಂದ ಒಂದು ಬೆರಳು ಮೇಲೆ ಎದ್ದಿತ್ತು. ಗುಡಿಯ ಬುದ್ಧನಿಗೆ ಬೊಟ್ಟು ಇರುವ ಜಾಗ ಅದು. ಬುದ್ಧನಿಗೆ ಒಪ್ಪುತ್ತದೆ. ಕೋಸು ಬೆಳೆದು ಬದುಕುವವನಿಗೆ ಒಪ್ಪುವುದಿಲ್ಲ.

"ನೀವು ಎದುರಿಗೆ ಊಟಕ್ಕೆ ಕೂತರೆ ನಿಮ್ಮ ಮುಖಾನೇ ಕಾಣಿಸಲ್ಲ ನಂಗೆ, ಅದೊಂದೇ ಕಾಣಿಸತ್ತೆ" ಎಂದಳು ಹೆಂಡತಿ ಇಸೊ.

"ಮೂವತ್ತೆಂಟು ವರ್ಷ ಮುಖಾನೇ ನೋಡಿದ್ದೀಯಲ್ಲ, ಸ್ವಲ್ಪ ದಿನ ಅದನ್ನ ನೋಡು. ಬದಲಾವಣೆ ಇರಲಿ" ಎಂದ ಟೊಕುಜಿ.

ಇಸೊ ನಗಲಿಲ್ಲ. ಮಾರನೆಯ ಬೆಳಿಗ್ಗೆ ಅವನನ್ನು ನರುಲಿ ಜಿಜೋವಿನ ಬಳಿಗೆ ಅಟ್ಟಿದಳು.

ಊರ ಕೊನೆಯಲ್ಲಿ, ಬಸ್ಸು ತಿರುಗಿಸುವ ಜಾಗದ ಪಕ್ಕದ ಅಕ್ರೋಟ ಮರದ ಕೆಳಗೆ, ಮೊಣಕಾಲೆತ್ತರದ ಕಲ್ಲಿನ ದೇವರು ಜಿಜೋ ಕೆಂಪು ಎದೆವಸ್ತ್ರ ಕಟ್ಟಿಕೊಂಡು ನಿಂತಿದ್ದಾನೆ. ಮುಟ್ಟಿ ಮುಟ್ಟಿ ಮೂಗು ಸವೆದುಹೋಗಿದೆ. ಅವನ ಮುಂದೆ ಬೆಣಚುಕಲ್ಲುಗಳ ಗುಡ್ಡೆ. ನರುಲಿ ಎದ್ದವರು ಅಲ್ಲಿಂದ ಒಂದು ಕಲ್ಲನ್ನು ಸಾಲ ತೆಗೆದುಕೊಂಡು ಹೋಗಿ ದಿನಾ ಬೆಳಿಗ್ಗೆ ನರುಲಿಗೆ ಉಜ್ಜಬೇಕು. ಉದುರಿದ ಮೇಲೆ ಎರಡು ಕಲ್ಲು ವಾಪಸು ತಂದಿಡಬೇಕು. ಯುದ್ಧ ಬಂತು, ಹೋಯಿತು, ರೇಷ್ಮೆಯ ಬೆಲೆ ಏರಿತು, ಬಿತ್ತು. ಜಿಜೋವಿನ ಬಡ್ಡಿ ಮಾತ್ರ ಬದಲಾಗಲಿಲ್ಲ. ಎದೆವಸ್ತ್ರ ಹೊಲಿಯುವುದು, ಕಸ ಗುಡಿಸುವುದು, ಸಾಲ ತೀರಿಸದವರ ಹೆಸರನ್ನು ಊರಿಗೆಲ್ಲ ಹೇಳುವುದು ಹಾಟ್ಸು ಅಜ್ಜಿಯ ಮನೆತನದ ಕೆಲಸ.

ಟೊಕುಜಿ ಒಂದು ಕಲ್ಲು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಅಲ್ಲಿಯೇ ಮರೆತ.

ಆ ವಾರ ಅವನು ಹುಲ್ಲು ಕೊಯ್ಯುವ ಯಂತ್ರದ ಬ್ಲೇಡು ಹಿಡಿದುಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದ. ಸಾಣೆ ಹಿಡಿಯುವವನು ಸಂಜೆಗೆ ಬಾ ಎಂದ. ಹೊರಗೆ ಕೊರೆಯುವ ಗಾಳಿ. ಪಕ್ಕದ ಕಟ್ಟಡದ ಗಾಜಿನ ಬಾಗಿಲೊಳಗೆ ಒಂದು ಸ್ಟೋವು ಉರಿಯುತ್ತಿತ್ತು, ಸಾಲಾಗಿ ಕುರ್ಚಿಗಳಿದ್ದವು. ಕುರ್ಚಿ ಕಂಡಲ್ಲಿ ಕೂರುವುದು ಟೊಕುಜಿಯ ಸ್ವಭಾವ. ಕೂತ.

"ಮೊದಲ ಸಲ ಬರ್ತಿರೋದಾ?" ಎಂದಳು ಕಿಟಕಿಯ ಹಿಂದಿನ ಹೆಂಗಸು.

"ಹೌದು. ಒಳಗೆ ಬೆಚ್ಚಗಿದೆ."

"ಏನು ತೋರಿಸೋದಿತ್ತು?" ಎಂದು ಕೇಳಿ ತಲೆಯೆತ್ತಿ ಅವನ ಹಣೆ ನೋಡಿದಳು. "ಬೇಡ ಬಿಡಿ. ಗೊತ್ತಾಯ್ತು."

ಹೆಸರು ಕೂಗಿದರೆ ಏಳುವುದೂ ಟೊಕುಜಿಯ ಸ್ವಭಾವವೇ. ಹೀಗೆ ಅವನು ಚರ್ಮದ ಡಾಕ್ಟರು ಮುರೋಗರ ಎದುರು ಹೋಗಿ ಕೂತ. ಮುರೋಗ ತೆಳ್ಳನೆಯ ಮನುಷ್ಯ. ಜೀವಮಾನವಿಡೀ ಬೇರೆಯವರ ಬೆನ್ನು ನೋಡಿ ನೋಡಿ ಅವರ ಕಣ್ಣುಗಳೇ ಬೆನ್ನು ಬಗ್ಗಿಸಿದಂತಿದ್ದವು.

"ಯಾವಾಗಿನಿಂದ?"

"ಬೆಳಿಗ್ಗೆಯಿಂದ. ಸಂಜೆಗೆ ಬ್ಲೇಡು ಕೊಡ್ತಾನಂತೆ."

ರೋಗಿಗಳ ಉತ್ತರಕ್ಕೆ ಬೆರಗಾಗುವುದನ್ನು ಡಾಕ್ಟರು ಬಿಟ್ಟು ಬಹಳ ಕಾಲವಾಗಿತ್ತು. ಅವರು ಒಂದು ಲೋಹದ ಹೂಜಿಯ ಮುಚ್ಚಳ ತೆಗೆದರು. ಹಿಮದಂತೆ ತಣ್ಣನೆಯ ಬಿಳಿ ಹೊಗೆ ಬಂತು, ಆದರೆ ಬೆಂಕಿ ಇರಲಿಲ್ಲ. ಅದರಲ್ಲಿ ಅದ್ದಿದ ಹತ್ತಿಯನ್ನು ಹಣೆಗೆ ಒತ್ತಿದರು. ಮೊದಲು ಏನೂ ಅನ್ನಿಸಲಿಲ್ಲ, ಆಮೇಲೆ ಎಲ್ಲ ಅನ್ನಿಸಿತು.

"ಗುಳ್ಳೆ ಏಳತ್ತೆ, ಕಪ್ಪಾಗತ್ತೆ, ಆಮೇಲೆ ತಾನಾಗೇ ಬೀಳತ್ತೆ. ಕೆಟ್ಟ ಜಾತಿದಲ್ಲ ಇದು, ಹೆದರಬೇಡಿ."

"ಮತ್ತೆ ಬರತ್ತಾ?"

"ಬಂದರೆ ಬನ್ನಿ" ಎಂದರು ಡಾಕ್ಟರು.

ಟೊಕುಜಿ ತಲೆಗೆ ಟವೆಲು ಸುತ್ತಿಕೊಂಡು ಕೆಲವು ದಿನ ಓಡಾಡಿದ. ಒಂದು ಮಧ್ಯಾಹ್ನ ಊಟಕ್ಕೆ ಕೂತು ಟವೆಲು ಬಿಚ್ಚಿದಾಗ ಅದರೊಳಗಿಂದ ಒಣಗಿದ ದ್ರಾಕ್ಷಿಯಂಥದ್ದೊಂದು ಮೂಲಂಗಿ ಉಪ್ಪಿನಕಾಯಿಯ ಪಕ್ಕ ಬಿತ್ತು. ಇಸೊ ಕಿರುಚಿದಳು. ಎದೆವಸ್ತ್ರಕ್ಕೆ ಕೆಂಪು ಬಟ್ಟೆ ಕೇಳಲು ಬಂದಿದ್ದ ಹಾಟ್ಸು ಅಜ್ಜಿ ಓಡಿಬಂದಳು. ಇಬ್ಬರೂ ಅವನ ಹಣೆ ಸವರಿದರು, ಇಬ್ಬರೂ ಅತ್ತರು.

"ನಮ್ಮಪ್ಪನ ಕಾಲದಲ್ಲಿ ಜಿಜೋ ಹಿಂಗೆ ಬುಡಸಮೇತ ತೆಗೆದಿದ್ದ! ಆಮೇಲೆ ಇದೇ ಮೊದಲು!" ಎಂದಳು ಅಜ್ಜಿ.

ಟೊಕುಜಿ ಬಾಯಿ ತೆರೆದ. ಹೌದೆನ್ನಲು ತಲೆಯಾಡಿಸಿದರೆ ಸಾಕು. ಅಲ್ಲವೆನ್ನಲು ಬ್ಲೇಡಿನಿಂದ ಶುರುಮಾಡಿ ಹೇಳಬೇಕು. ಅವನು ಬೆಳಗಿನಿಂದ ಸಸಿ ನೆಟ್ಟು ದಣಿದಿದ್ದ. ಬಾಯಿ ಮುಚ್ಚಿ ಅನ್ನ ಉಂಡ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ವಸಂತದಲ್ಲೇ ಬಸ್ಸಿನ ಕಂಪನಿಯವರು ಹಿಮ ಬೀಳುವುದರೊಳಗೆ ಕುರುಮಿಜಾವದ ಬಸ್ಸು ನಿಲ್ಲಿಸುತ್ತೇವೆ, ಹತ್ತುವವರೇ ಇಲ್ಲ ಎಂದು ಹೇಳಿಕಳಿಸಿದರು. ನಮ್ಮಲ್ಲಿ ಕಾರು ಓಡಿಸಬಲ್ಲವರು ಕಡಿಮೆ. ಟೊಕುಜಿಯ ಲೈಸೆನ್ಸು, ಅವನ ಸಣ್ಣ ಟ್ರಕ್ಕು ಪಕ್ಕದವರ ಮೀನಿನ ಕೊಳಕ್ಕೆ ಇಳಿದ ದಿನವೇ ವಾಪಸಾಗಿತ್ತು. ಹೊಳೆಯ ಮೇಲ್ಗಡೆಯ ಊರಿನಲ್ಲಿ ಮೊದಲು ಬಸ್ಸು ನಿಂತಿತು. ಎರಡು ಚಳಿಗಾಲ ಕಳೆಯುವುದರಲ್ಲಿ ಮನೆಗಳ ದೀಪಗಳೂ ಆರಿದವು. ಅದರ ಬಗ್ಗೆ ನಾವು ಮಾತಾಡುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು.

ಊರ ಮುಖ್ಯಸ್ಥ ಕುನಿಮಾತ್ಸು ದೊಡ್ಡ ದನಿಯ ಮನುಷ್ಯ. ಸಭೆ ಕರೆದ.

"ಹತ್ತೋರಿಲ್ಲ ಅಂದ್ರೆ ಹತ್ತಿಸೋಣ. ಪೇಟೆಯವರಿಗೆ ನರುಲಿ ಇಲ್ವಾ? ಜಿಜೋ ನಮ್ಮಲ್ಲಿದಾನೆ. ಸಾಕ್ಷಿ ಇಲ್ಲಿದಾನೆ. ಏ ಟೊಕುಜಿ, ಎದ್ದು ನಿಂತ್ಕೊ. ಹಣೆ ತೋರಿಸು."

ಟೊಕುಜಿ ಎದ್ದು ನಿಂತ. ಸಭೆ ಚಪ್ಪಾಳೆ ತಟ್ಟಿತು. ಹಣೆಯನ್ನು ಬಿಟ್ಟರೆ ಟೊಕುಜಿಯ ಉಳಿದ ಯಾವ ಭಾಗಕ್ಕೂ ಜೀವನದಲ್ಲಿ ಚಪ್ಪಾಳೆ ಬಿದ್ದದ್ದಿಲ್ಲ.

ಜಿಲ್ಲೆಯ ಪತ್ರಿಕೆಯೊಂದರಲ್ಲಿ ಅವನ ಹಣೆಯ ಚಿತ್ರ ಬಂತು. ಮುಖ ಇರಲಿಲ್ಲ, ಹಣೆ ಮಾತ್ರ. ಬಸ್ಸಿನಲ್ಲಿ ಕೆಲವರು ಬಂದರು, ಕಲ್ಲು ಒಯ್ದರು, ಹೆಂಗಸರು ಮಾಡಿಟ್ಟ ಸೊಪ್ಪಿನ ಓಯಾಕಿ ಕಡುಬು ತಿಂದರು. ಬಂದವರೆಲ್ಲ ಟೊಕುಜಿಯ ಹಣೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹೋದರು. ಕಂಪನಿಯವರು ಸ್ವಲ್ಪ ಮೆತ್ತಗಾಗಿ, ಬೇಸಿಗೆ ಕೊನೆಯ ಜಿಜೋ ಹಬ್ಬದ ದಿನ ನಮ್ಮ ಅಧಿಕಾರಿ ಅಮೆಮಿಯ ಬಂದು ಕಣ್ಣಾರೆ ನೋಡಲಿ, ಆಮೇಲೆ ತೀರ್ಮಾನ ಎಂದರು.

ನಮ್ಮಲ್ಲಿ ಬೇಸಿಗೆಗೆ ಮುಂಚೆ ಬರುವ ಮಳೆಗಾಲ ಮುಗಿಯುತ್ತಿದ್ದಂತೆ ಟೊಕುಜಿಯ ಹಣೆ ತುರಿಸತೊಡಗಿತು. ಅದೇ ಜಾಗ. ಮೊದಲು ಎಳ್ಳಿನಷ್ಟು, ಆಮೇಲೆ ಸೋಯಾ ಕಾಳಿನಷ್ಟು.

ಇಸೊ ಅದನ್ನು ಕಂಡವಳೇ ಪೆಟ್ಟಿಗೆಯಿಂದ ಅವನ ಅಂಗಿ ತೆಗೆದು ಜೇಬಿಗೆ ಕೈ ಹಾಕಿದಳು. ಕಲ್ಲು ಹೊರಬಂತು.

"ಸಾಲ ತೀರಿಸಿಲ್ಲ! ಒಂದು ಕಲ್ಲನ್ನೂ ವಾಪಸು ಕೊಟ್ಟಿಲ್ಲ ನೀವು!"

"ಮರೆತೆ."

"ಅವನು ಮರೀತಾನಾ? ಜಪ್ತಿಗೆ ಬಂದಿದಾನೆ ನೋಡಿ!"

ಅಂದೇ ಎರಡು ಕಲ್ಲು ಹೊತ್ತು ಹೋಗಿ ಇಟ್ಟರು. ಇಸೊ ಕ್ಷಮೆ ಕೇಳಿ ಇನ್ನೂ ನಾಲ್ಕು ಇಟ್ಟಳು. ನರುಲಿ ಅಲುಗಲಿಲ್ಲ. ಸುದ್ದಿ ತಿಳಿದು ಕುನಿಮಾತ್ಸು ಹಿತ್ತಲ ಬಾಗಿಲಿನಿಂದ ಬಂದ.

"ಇದೇನಯ್ಯ ನೀನು ಮಾಡಿರೋದು?"

"ನಾನೇನೂ ಮಾಡಿಲ್ಲ. ಅದೇ ಬಂತು."

"ಊರಿಗೆ ಊರೇ ನಿನ್ನ ಹಣೆ ಮೇಲೆ ನಿಂತಿದೆ, ನೀನು ಅಲ್ಲಿ ಬೇಸಾಯ ಮಾಡ್ತಿದೀಯಾ? ಹಬ್ಬದೊಳಗೆ ಹೋಗಬೇಕು ಅದು. ಹೇಗಾದರೂ ತೆಗೆಸು. ಹೇಗೆ ಅಂತ ಮಾತ್ರ ನಂಗೆ ಹೇಳಬೇಡ."

ಟೊಕುಜಿ ಟವೆಲು ಸುತ್ತಿಕೊಂಡು ಬೆಳಗಿನ ಬಸ್ಸು ಹತ್ತಿದ. ಒಳಗೆ, ಆ ಸೆಖೆಯಲ್ಲಿ ಉಣ್ಣೆಯ ಶಾಲು ಹೊದ್ದು ಹಾಟ್ಸು ಅಜ್ಜಿ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಒಂದು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು, ಬುಟ್ಟಿ ಅವುಚಿದವನ ಹಾಗೆ ಕುನಿಮಾತ್ಸು ಇದ್ದ.

"ಎಲ್ಲಿಗೆ ಟೊಕುಜಿ?" ಎಂದಳು ಅಜ್ಜಿ.

"ಬ್ಲೇಡು" ಎಂದ ಟೊಕುಜಿ. ಅವನ ಕೈಯಲ್ಲಿ ಬ್ಲೇಡು ಇರಲಿಲ್ಲ.

"ನಾನು ದಾರ ತರೋಕೆ."

"ನಂದು ಕಚೇರಿ ಕೆಲಸ" ಎಂದ ಕುನಿಮಾತ್ಸು, ಯಾರೂ ಕೇಳುವ ಮೊದಲೇ.

ಪೇಟೆಯಲ್ಲಿ ಇಳಿದು ಮೂವರೂ ಮೂರು ದಿಕ್ಕಿಗೆ ಹೋದರು. ಪೇಟೆ ಸಣ್ಣದು. ಮೂರು ದಾರಿಯೂ ಸುತ್ತಿ ಬಂದು ಮುರೋಗ ಡಾಕ್ಟರ ಗಾಜಿನ ಬಾಗಿಲಿಗೇ ಮುಟ್ಟುತ್ತವೆ. ಟೊಕುಜಿ ಒಳಗೆ ಹೋದಾಗ ಕುನಿಮಾತ್ಸು ಎಳೆಗೂಸುಗಳ ಆರೈಕೆಯ ಪುಸ್ತಕವೊಂದನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಿದ್ದ. ಆಗ ಕಿಟಕಿಯ ಹೆಂಗಸು ಕೂಗಿದಳು.

"ಕುನಿಮಾತ್ಸು ಅವರೇ, ಕಂಕುಳು! ಹೋದ ಸಲದ ಜಾಗಾನೇನಾ, ಪಕ್ಕದಲ್ಲಿ ಹೊಸದಾ? ಹಾಟ್ಸು ಅಜ್ಜಿ, ಶಾಲು ತೆಗೆದು ಬೆನ್ನು ರೆಡಿ ಮಾಡ್ಕೊಳ್ಳಿ!"

ನಾನು ಅಲ್ಲಿ ಹೇಗಿದ್ದೆ ಎಂದು ಕೇಳಬೇಡಿ. ನನ್ನದು ಕಿವಿಯ ಹಿಂದೆ.

ಕುನಿಮಾತ್ಸುವಿನ ಪುಸ್ತಕ ಕೆಳಗಿಳಿಯಿತು. ಮೊದಲು ಚೇತರಿಸಿಕೊಂಡವಳು ಅಜ್ಜಿ.

"ಏನು ಹಂಗೆ ನೋಡ್ತೀರಾ? ಜಿಜೋ ನಮ್ಮ ಮನೆಯವನು ಕಣ್ರೋ. ಮನೆಯವನ ಮುಂದೆ ಬೆನ್ನು ಬಿಚ್ಕೊಂಡು ಕೂರಕ್ಕಾಗತ್ತಾ ಹೆಂಗಸರಿಗೆ?"

ಕುನಿಮಾತ್ಸು ಹೌದೆಂದು ತಲೆಯಾಡಿಸಿದ. ನಾನು ನಿಮ್ಮನ್ನು ನೋಡಿಲ್ಲ, ನೀವು ನನ್ನನ್ನು ನೋಡಿಲ್ಲ ಎಂದು ಅಲ್ಲೇ ಒಪ್ಪಂದವಾಯಿತು.

ಟೊಕುಜಿಯ ಹಣೆ ನೋಡಿ ಡಾಕ್ಟರು ನಿಟ್ಟುಸಿರು ಬಿಟ್ಟರು.

"ಬಂತಾ?"

"ಬಂತು. ಯಾಕೆ ಬಂತು ಡಾಕ್ಟರೇ? ಕಲ್ಲು ವಾಪಸು ಕೊಡಲಿಲ್ಲ ಅಂತಾನಾ?"

"ಯಾವ ಕಲ್ಲು? ಹೋದ ಸಲ ಮುಖ ಅಂತ ಮೆತ್ತಗೆ ಮುಟ್ಟಿಸಿದ್ದೆ, ಬುಡ ಸ್ವಲ್ಪ ಉಳೀತು, ಅದೇ ಜಾಗದಲ್ಲಿ ಎದ್ದಿದೆ. ಪೂರ್ತಿ ಹೋದ್ರೆ ಅದು ಬರಲ್ಲ."

"ಅಬ್ಬ."

"ಅದರ ತಮ್ಮ ಬರ್ತಾನೆ, ಪಕ್ಕದಲ್ಲಿ. ವಯಸ್ಸು ಟೊಕುಜಿಯವರೇ. ಕಳೆ ಕಿತ್ತ ಮೇಲೆ ಮತ್ತೆ ಎದ್ದರೆ ಇದು ಹಳೇದಾ ಹೊಸದಾ ಅಂತ ಕೂತ್ಕೊಂಡು ಯೋಚಿಸ್ತೀರಾ?"

"ಇಲ್ಲ. ಕೀಳ್ತೀವಿ."

"ನಾನೂ ಅಷ್ಟೇ ಮಾಡೋದು" ಎಂದು ಡಾಕ್ಟರು ಹೂಜಿಯ ಮುಚ್ಚಳ ತೆಗೆದರು. ಈ ಸಲ ಗಟ್ಟಿಯಾಗಿ ಒತ್ತಿದರು. ಹಾಗೆ ಬಗ್ಗಿದಾಗ ಅವರ ದವಡೆಯ ಕೆಳಗೆ, ಕಾಲರಿನ ಒಳಗೆ, ಸೋಯಾ ಕಾಳಿನಂಥದ್ದೊಂದು ಇಣುಕುತ್ತಿದ್ದುದನ್ನು ಟೊಕುಜಿ ನೋಡಿದ. ನೋವಿನಲ್ಲಿ ಅದನ್ನೂ ಮರೆತ.

ಹೊರಡುವಾಗ ಅವನಿಗೊಂದು ಗೊಂದಲವಾಯಿತು. ತೆಗೆಯುವವರು ಡಾಕ್ಟರು, ಕಲ್ಲು ಸೇರುವುದು ಜಿಜೋವಿಗೆ, ಇದು ನ್ಯಾಯವೇ? ಬಸ್‌ಸ್ಟ್ಯಾಂಡಿನ ಬದಿಯಿಂದ ಎರಡು ಬೆಣಚುಕಲ್ಲು ಆರಿಸಿ ತಂದು ಆಸ್ಪತ್ರೆಯ ಕಿಟಕಿಯ ಕಟ್ಟೆಯ ಮೇಲೆ ಸದ್ದಿಲ್ಲದೆ ಇಟ್ಟುಹೋದ. ಅದನ್ನು ಕಂಡ ಅಜ್ಜಿಯೂ ಎರಡು ಇಟ್ಟಳು. ಆಮೇಲೆ ಅದು ನಮ್ಮೂರವರ ರೂಢಿಯಾಗಿಬಿಟ್ಟಿತು.

ಹಬ್ಬದ ದಿನ ಬಂತು. ಟೊಕುಜಿಯ ನರುಲಿ ಡಾಕ್ಟರು ಹೇಳಿದ ಪ್ರಕಾರವೇ ನಡೆದುಕೊಳ್ಳುತ್ತಿತ್ತು: ಗುಳ್ಳೆ ಎದ್ದಿತ್ತು, ಕಪ್ಪಾಗಿತ್ತು. ಬೀಳುವುದೊಂದು ಬಾಕಿ ಇತ್ತು. ಮೊದಲು ಸೋಯಾ ಕಾಳಿನಷ್ಟಿದ್ದುದು ಈಗ ಇದ್ದಿಲ ತುಂಡಿನಂತೆ ಹಣೆಯಲ್ಲಿ ಕೂತಿತ್ತು.

"ಟವೆಲು ಬಿಚ್ಚಬೇಡ. ದೇವರೇ ಇಳಿದು ಬಂದು ಬಿಚ್ಚು ಅಂದರೂ ಬಿಚ್ಚಬೇಡ" ಎಂದ ಕುನಿಮಾತ್ಸು.

ಅಧಿಕಾರಿ ಅಮೆಮಿಯ ತಮ್ಮ ಸ್ವಂತ ಕಾರಿನಲ್ಲಿ ಬಂದರು. ಬಸ್ಸಿನ ವೇಳೆ ಅವರಿಗೆ ಅನುಕೂಲವಾಗಲಿಲ್ಲವಂತೆ. ಕಡುಬು ಕೊಟ್ಟರು, ತಿಂದರು. ಚಹಾ ಕೊಟ್ಟರು, ಕುಡಿದರು. ಆಮೇಲೆ ಅಕ್ರೋಟ ಮರದ ಕೆಳಗೆ ನಿಂತು ಗಡಿಯಾರ ನೋಡಿದರು.

"ಬಸ್ಸು ಬರಲಿ. ಎಷ್ಟು ಭಕ್ತರು ಇಳೀತಾರೆ ನೋಡೋಣ."

ಬಸ್ಸು ತಿರುವಿನಲ್ಲಿ ಕಾಣಿಸಿತು. ಡ್ರೈವರ್ ಯಾಜಿಮನ ತಲೆ ಕಂಡಿತು. ಅದರ ಹಿಂದೆ ಬರೀ ಸೀಟುಗಳು ಕಂಡವು. ಹಿಂದಿನ ರಾತ್ರಿಯ ಮಳೆಗೆ ಹೆದರಿಯೋ ಏನೋ, ಪೇಟೆಯ ಭಕ್ತರು ಕೈಕೊಟ್ಟಿದ್ದರು. ಕುನಿಮಾತ್ಸುವಿನ ದೊಡ್ಡ ದನಿ ಎಲ್ಲಿ ಹೋಯಿತೋ. ಅಜ್ಜಿ ಜಿಜೋವಿನ ಕಡೆ ತಿರುಗಿ, "ನೋಡಪ್ಪ, ಒಬ್ಬರನ್ನಾದರೂ ಇಳಿಸು. ಎದೆವಸ್ತ್ರ ಎರಡು ಹೊಲಿದು ಕೊಡ್ತೀನಿ" ಎಂದು ಗದರಿದಳು.

ಬಾಗಿಲು ತೆರೆಯಿತು. ಹಿಂದಿನ ಸೀಟಿನಿಂದ ಒಬ್ಬರು ಎದ್ದು ನಿಧಾನವಾಗಿ ಇಳಿದುಬಂದರು. ತೆಳ್ಳನೆಯ ಮನುಷ್ಯ, ಕುತ್ತಿಗೆಗೆ ಕರವಸ್ತ್ರ, ಕೈಯಲ್ಲಿ ಭಾರದ ಚೀಲ. ಮುರೋಗ ಡಾಕ್ಟರು.

ಬೇಡಿದ್ದಕ್ಕೆ ಒಬ್ಬ ಭಕ್ತನನ್ನು ಜಿಜೋ ಇಳಿಸಿದ್ದ, ನಿಜ. ಆದರೆ ಇಡೀ ಜಿಲ್ಲೆಯಲ್ಲಿ ನಮ್ಮೆಲ್ಲರ ಕಂಕುಳು ಬಲ್ಲ ಒಬ್ಬನೇ ಒಬ್ಬನನ್ನು ಹುಡುಕಿ ಇಳಿಸಿದ್ದ.

ಡಾಕ್ಟರು ಸುತ್ತ ನೋಡಿದರು. ಕುನಿಮಾತ್ಸು ಕೈಗಳನ್ನು ಮೈಗೆ ಒತ್ತಿಕೊಂಡ. ಅಜ್ಜಿ ಬೆನ್ನನ್ನು ಮರಕ್ಕೆ ಆನಿಸಿ ನಿಂತಳು. ನನ್ನ ಕೈ ಕಿವಿಗೆ ಹೋಯಿತು.

"ಪರಿಚಯದವರಾ ಇವರೆಲ್ಲ?" ಎಂದರು ಅಮೆಮಿಯ.

ಡಾಕ್ಟರು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು. ನೋಡಿ ಮುಗಿಸಿ, "ಇಲ್ಲ. ಈ ಮುಖಗಳನ್ನು ನಾನು ನೋಡಿದ್ದು ಕಡಿಮೆ" ಎಂದರು. ಅದು ಸುಳ್ಳೂ ಆಗಿರಲಿಲ್ಲ.

"ಜಿಜೋ ದರ್ಶನಕ್ಕೆ ಬಂದಿರಾ?"

"ಹೌದು." ಡಾಕ್ಟರು ಕರವಸ್ತ್ರ ಸ್ವಲ್ಪ ಸರಿಸಿದರು. "ಇದೊಂದಿದೆ. ತೆಗೆಸಿದೆ, ಬಂತು. ಮತ್ತೆ ತೆಗೆಸಿದೆ, ಮತ್ತೆ ಬಂತು. ಯಾರು ತೆಗೆದರು ಅಂತ ಕೇಳಬೇಡಿ, ಕೆಲಸ ಚೆನ್ನಾಗಿಲ್ಲ ಅಂತ ಹೇಳಬೇಕಾಗತ್ತೆ. ಇಲ್ಲೊಬ್ಬ ಇದಾನೆ ಅಂತ ಯಾರೋ ಹೇಳಿದರು."

ಕುನಿಮಾತ್ಸುವಿನ ದನಿ ಮರಳಿಬಂತು. "ನೋಡಿದಿರಾ ಸ್ವಾಮಿ! ಅಷ್ಟು ದೂರದಿಂದ! ಬಸ್ಸಲ್ಲೇ! ಇಲ್ಲಿ ಒಂದು ಸಲ ಹೋದರೆ ಹೋಯ್ತು, ಮತ್ತೆ ಬರೋ ಮಾತೇ ಇಲ್ಲ! ಟೊಕುಜಿಯ ಹಣೆಯೇ ಸಾಕ್ಷಿ!"

"ಎಲ್ಲಿ, ನೋಡೋಣ" ಎಂದರು ಅಮೆಮಿಯ.

ಕುನಿಮಾತ್ಸು ತನ್ನ ಬಾಯನ್ನು ಕೈಯಿಂದ ಮುಚ್ಚಿಕೊಂಡ. ತಡವಾಗಿತ್ತು. "ಟವೆಲು ಬಿಚ್ಚಿ" ಎಂದು ಸರ್ಕಾರದಂಥ ದನಿಯಲ್ಲಿ ಯಾರಾದರೂ ಹೇಳಿದರೆ ಬಿಚ್ಚುವುದೂ ಟೊಕುಜಿಯ ಸ್ವಭಾವವೇ. ಬಿಚ್ಚಿದ.

ಇದ್ದಿಲ ತುಂಡು ಬಿಸಿಲಿನಲ್ಲಿ ಹೊಳೆಯಿತು.

"ಇದು... ಮತ್ತೆ ಬಂದಿದೆ" ಎಂದರು ಅಮೆಮಿಯ.

"ಬಂದಿದೆ" ಎಂದ ಟೊಕುಜಿ. ಅವನಿಗೆ ಸಾಕಾಗಿತ್ತು. ಟವೆಲಿನ ಸೆಖೆ ಸಾಕಾಗಿತ್ತು, ಹೆಬ್ಬೆರಳುಗಳು ಸಾಕಾಗಿದ್ದವು, ಊರನ್ನು ಹಣೆಯ ಮೇಲೆ ಹೊತ್ತದ್ದು ಸಾಕಾಗಿತ್ತು. "ಬರತ್ತೆ ಸ್ವಾಮಿ. ಇದು ಹೋದರೆ ಪಕ್ಕದಲ್ಲಿ ಇದರ ತಮ್ಮ ಬರ್ತಾನೆ. ನಮ್ಮ ವಯಸ್ಸಿಗೆ ಇದು ನಿಲ್ಲೋದಲ್ಲ."

"ಹಾಗಾದರೆ ಜಿಜೋ ಏನು ಮಾಡಿದ ಹಾಗಾಯ್ತು? ಬಸ್ಸು ಯಾತಕ್ಕೆ?"

"ಮತ್ತೆ ಬರತ್ತಲ್ಲ, ಅದಕ್ಕೇ ಬಸ್ಸು. ಒಂದೇ ಸಲಕ್ಕೆ ಹೋಗೋದಾಗಿದ್ರೆ ಒಂದು ದಿನ ಬಾಡಿಗೆ ವ್ಯಾನು ತಂದು ಎಲ್ಲರದ್ದೂ ಮುಗಿಸಿಬಿಡಬಹುದಿತ್ತು. ಇದು ಜೀವ ಇರೋವರೆಗೂ ಹೋಗೋದು, ಬರೋದು. ಹಿಮ ಬಿದ್ದ ಮೇಲೂ ಬರತ್ತೆ. ಆಗ ನಡ್ಕೊಂಡು ಹೋಗೋಕೆ ನಮ್ಮಿಂದ ಆಗಲ್ಲ."

ಟೊಕುಜಿ ಅಷ್ಟು ಉದ್ದ ಮಾತಾಡಿದ್ದನ್ನು ಇಸೊ ಕೂಡ ಕೇಳಿರಲಿಲ್ಲ.

ಅಮೆಮಿಯ ಯೋಚಿಸಿದರು. ಬಸ್ಸಿನ ಕಂಪನಿಯವರಿಗೆ ಪವಾಡದಿಂದ ಏನೂ ಆಗಬೇಕಾಗಿಲ್ಲ. ಪವಾಡ ನೋಡಿದವನು ಒಮ್ಮೆ ಬಂದು, ನೋಡಿ, ಹೋಗಿಬಿಡುತ್ತಾನೆ. ಬಿಡದೆ ಮರಳಿ ಮರಳಿ ಹತ್ತುವ ಪ್ರಯಾಣಿಕ ಸಿಗುವುದೇ ಕಷ್ಟ.

"ಖಾತ್ರಿಯಾಗಿ ಮತ್ತೆ ಬರತ್ತೆ ಅಂತೀರಾ?" ಎಂದು ಅವರು ಡಾಕ್ಟರನ್ನು ನೋಡಿ ಕೇಳಿದರು.

"ಈ ವಿಷಯದಲ್ಲಿ ಇವರ ಮಾತು ನಂಬಬಹುದು" ಎಂದರು ಡಾಕ್ಟರು.

ಅಮೆಮಿಯ ತಲೆಯಾಡಿಸಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಬಗ್ಗಿ ಗುಡ್ಡೆಯಿಂದ ಒಂದು ಸಣ್ಣ ಕಲ್ಲು ಎತ್ತಿ ಜೇಬಿಗೆ ಹಾಕಿಕೊಂಡು ಕಾರು ಹತ್ತಿದರು. ಅವರದು ಎಲ್ಲಿದೆಯೋ ನಮಗೆ ಇಂದಿಗೂ ಗೊತ್ತಿಲ್ಲ.

ಕಾರು ಮರೆಯಾದ ಮೇಲೆ ಡಾಕ್ಟರು ತಮ್ಮ ಚೀಲವನ್ನು ಜಿಜೋವಿನ ಮುಂದೆ ಸುರಿದರು. ಬೆಣಚುಕಲ್ಲುಗಳು ಬಳಬಳನೆ ಬಿದ್ದವು.

"ನನ್ನ ಕಿಟಕಿ ಮುಚ್ಚೋಕೆ ಆಗ್ತಿಲ್ಲ. ಇವು ಯಾರದೋ ನಂಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಇಲ್ಲೇ ಇರಲಿ" ಎಂದು, ಅವುಗಳಲ್ಲೇ ಒಂದನ್ನು ಆರಿಸಿ ಕುತ್ತಿಗೆಗೆ ಉಜ್ಜಿ ನೋಡಿದರು. "ದಿನಾ ಬೆಳಿಗ್ಗೆ ಅಲ್ವಾ?"

"ಬಿದ್ದರೆ ಎರಡು" ಎಂದಳು ಹಾಟ್ಸು ಅಜ್ಜಿ ಕಟ್ಟುನಿಟ್ಟಾಗಿ. "ಡಾಕ್ಟರಿಗೂ ಅದೇ ಬಡ್ಡಿ."

ಬಸ್ಸು ಉಳಿಯಿತು. ದಿನಾ ಅಲ್ಲ, ವಾರದಲ್ಲಿ ಎರಡು ದಿನ. ಮೊದಲ ಹಿಮ ಬಿದ್ದ ವಾರ ಟೊಕುಜಿಯ ಎಡಹುಬ್ಬಿನ ಮೇಲೆ ಎಳ್ಳಿನಷ್ಟು ಏನೋ ತುರಿಸಿತು. ಇಸೊ ದೀಪದ ಹತ್ತಿರಕ್ಕೆ ಅವನ ಮುಖ ಎಳೆದು ನೋಡಿದಳು.

"ತಮ್ಮ ಬಂದ" ಎಂದಳು.

ಟೊಕುಜಿ ಎದ್ದು ಅಂಗಿ ಹುಡುಕಿದ, ಜೇಬು ಮುಟ್ಟಿ ಕಲ್ಲುಗಳಿವೆಯೇ ನೋಡಿಕೊಂಡ, ಟವೆಲು ಮರೆತು ಬಸ್ಸಿಗೆ ಹೊರಟ.